ಬಾಳೆತೋಟದ ದಾರಿಗೆ ನಾನು ಹೇಳಿದ ಸಾಕ್ಷಿ

ಸಾಕ್ಷಿ ಹೇಳುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದೇ ನಾನು ತಿಳಿದಿದ್ದೆ. ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಅಷ್ಟೇ. ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮಾತೇ ನನ್ನ ವೃತ್ತಿ. ಹುಡುಗರು ಪ್ರಬಂಧದಲ್ಲಿ ವಿಷಯ ಬಿಟ್ಟು ಅತ್ತಿತ್ತ ಅಲೆದಾಡಿದ ಕಡೆಯೆಲ್ಲ ಕೆಂಪು ಶಾಯಿಯಲ್ಲಿ ‘ಅಪ್ರಸ್ತುತ’ ಎಂದು ಬರೆದು ಬರೆದು ಕೈ ಪಳಗಿದವನು. ಇಂಥ ಮನುಷ್ಯನಿಗೆ ನ್ಯಾಯಾಲಯದಲ್ಲಿ ಯಾವ ಭಯ? ಯಾವ ಅಂಗಿ ಹಾಕಿಕೊಳ್ಳಬೇಕು ಎಂಬುದೊಂದೇ ನನಗಿದ್ದ ಚಿಂತೆ.

ಕೇಸು ನನ್ನ ಹೆಂಡತಿ ಕಸ್ತೂರಿಯ ತಮ್ಮ ಸಿದ್ರಾಮನದು. ಕಮಲಾಪುರದಲ್ಲಿ ಅವನಿಗೆ ಕೆಂಪು ಬಾಳೆಯ ತೋಟವಿದೆ. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವರಿಗೆ ಅದರ ರುಚಿ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ. ಆ ತೋಟಕ್ಕೆ ಇರುವುದು ಒಂದೇ ಬಂಡಿದಾರಿ. ಅದು ಪಕ್ಕದ ಹಣಮಂತರಾಯರ ತೊಗರಿ ಹೊಲದ ಅಂಚಿನಲ್ಲಿ ಹಾದುಹೋಗುತ್ತದೆ. ನಮ್ಮ ಮಾವನವರ ಕಾಲದಿಂದ ಎಲ್ಲರೂ ಅಲ್ಲೇ ಅಡ್ಡಾಡಿದವರು. ಹೋದ ವರ್ಷ ಹಣಮಂತರಾಯರು ಇದ್ದಕ್ಕಿದ್ದಂತೆ ತಂತಿಬೇಲಿ ಹಾಕಿ ದಾರಿ ಮುಚ್ಚಿಬಿಟ್ಟರು. ಸಿದ್ರಾಮ ಗೊನೆಗಳನ್ನು ಆಳುಗಳ ತಲೆಯ ಮೇಲೆ ಹೊರಿಸಿ ಹಳ್ಳ ಸುತ್ತಿಸಿ ತರಬೇಕಾಯಿತು. ಹಾಗೆ ತಂದ ಹಣ್ಣಿಗೆ ಪೆಟ್ಟು ಬೀಳುತ್ತದೆ. ಪೆಟ್ಟು ಬಿದ್ದ ಹಣ್ಣನ್ನು ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟುವುದಿಲ್ಲ. ಅಪ್ಪ ನೆಟ್ಟ ತೋಟವನ್ನೇ ಕಿತ್ತು ಹಾಕುವ ಮಾತನ್ನು ಸಿದ್ರಾಮ ಆಡತೊಡಗಿದ. ಕೊನೆಗೆ ಕೋರ್ಟಿಗೆ ಹೋದ. ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದ.

“ಮಾಮಾ, ಹಳೇದೆಲ್ಲ ಕಣ್ಣಾರೆ ಕಂಡವರಂದ್ರ ನೀವೊಬ್ರೇ ಉಳದೀರಿ. ನೀವೇ ಸಾಕ್ಷಿ ಹೇಳಬೇಕು,” ಎಂದ.

“ಧಾರಾಳವಾಗಿ ಹೇಳ್ತೀನಿ,” ಎಂದೆ.

ಕಸ್ತೂರಿ ಅಡುಗೆಮನೆಯಿಂದ ಹೊರಗೆ ಬಂದು ತಮ್ಮನ ಮುಖವನ್ನು ಕನಿಕರದಿಂದ ನೋಡಿದಳು. “ಬ್ಯಾರೆ ಯಾರೂ ಸಿಗಲಿಲ್ಲೇನೋ?” ಎಂದು ಕೇಳಿದಳು.

ಇದು ನನ್ನ ಸ್ವಾಭಿಮಾನಕ್ಕೆ ಬಿದ್ದ ಪೆಟ್ಟು. ಸಿದ್ರಾಮ ಹೋದ ಮೇಲೆ, ಬೇಕಾದರೆ ಈಗಲೇ ಪರೀಕ್ಷೆ ಮಾಡು ಎಂದು ಅವಳಿಗೆ ಸವಾಲು ಹಾಕಿದೆ. ಅವಳು ತೊಗರಿಬೇಳೆ ಆರಿಸುತ್ತಲೇ ವಕೀಲಳಾದಳು.

“ನಿಮ್ಮ ಹೆಸರೇನ್ರಿ?”

“ಗುರುಲಿಂಗಪ್ಪ. ಇದು ಖರೇ ಅಂದ್ರ ನಮ್ಮಜ್ಜನ ಹೆಸರು. ನಾ ಹುಟ್ಟಿದಾಗ ನಮ್ಮಪ್ಪ ಬ್ಯಾರೆ ಹೆಸರು ಇಡಬೇಕಂತಿದ್ದ. ಆದ್ರ ನಮ್ಮ ಸೋದರತ್ತಿ ಇದ್ದಳಲ್ಲ, ಆಕಿ...”

ಕಸ್ತೂರಿ ಬೇಳೆಯ ಮೊರ ಕೆಳಗಿಟ್ಟಳು. “ಬೇಳಿ ಆರಿಸೋದು ಮುಗೀತು. ನಿಮ್ಮ ಹೆಸರು ಇನ್ನಾ ಮುಗೀಲಿಲ್ಲ,” ಎಂದು ಎದ್ದು ಹೋದಳು.

ಸಿದ್ರಾಮನ ವಕೀಲರು ಶಹನಾಜ್ ಬೇಗಂ. ಕಲಬುರಗಿಯ ರೋಜಾ ಬಡಾವಣೆಯ ಹತ್ತಿರ ಅವರ ಕಚೇರಿ. ಚುರುಕಾದ ಹೆಣ್ಣುಮಗಳು, ಮಾತಾಡುವಾಗ ಪೆನ್ನಿನಿಂದ ಮೇಜು ಕುಟ್ಟುವ ಅಭ್ಯಾಸ. ನಾನು ಕುಳಿತ ಕೂಡಲೇ ಕೇಳಿದರು:

“ಮಾಸ್ತರ್ರೇ, ಆ ದಾರೀಲಿ ನಿಮ್ಮ ಮಾವನವರು ಅಡ್ಡಾಡೋದು ನೀವು ನೋಡೀರಿ?”

“ನೋಡೀನ್ರಿ ಮೇಡಂ. ಲಗ್ನ ಆದಾಗಿಂದ ನೋಡೀನಿ. ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ನಮ್ಮನ್ನ ಹೊಲಕ್ಕ ಊಟಕ್ಕ ಕರೀತಿದ್ರು. ನಮ್ಮತ್ತೀ ಕೈ ಭಜ್ಜಿ ಅಂದ್ರ ಏನ್ ಹೇಳ್ಲಿ. ಹಸಿ ಕಡ್ಲಿ, ಅವರಿಕಾಳು, ಮೆಂತ್ಯಪಲ್ಲೆ ಎಲ್ಲಾ ಕೂಡಿಸಿ ಕುದಿಸಿ...”

ಪೆನ್ನು ಮೇಜನ್ನು ಕುಟ್ಟಿತು. “ಭಜ್ಜಿ ಬಿಡ್ರಿ. ಭಜ್ಜಿಗೂ ಕೇಸಿಗೂ ಸಂಬಂಧ ಇಲ್ಲ.”

“ಇಲ್ಲ ಮೇಡಂ, ಊಟಕ್ಕ ಕುಂತಾಗ ನಮ್ಮ ಮಾವನವರು...”

“ಮಾಸ್ತರ್ರೇ, ಊಟಾನೇ ಬಿಡ್ರಿ. ದಾರಿ ಅಷ್ಟೇ ಹೇಳ್ರಿ.”

ಆಮೇಲೆ ಅವರು ನನಗೆ ಕಾನೂನು ತಿಳಿಸಿದರು. ಕೋರ್ಟಿನಲ್ಲಿ ‘ಸುಸಂಗತ’ ಎಂಬ ಮಾತಿದೆಯಂತೆ. ಯಾವ ಸಂಗತಿಯ ಬಗ್ಗೆ ಜಗಳವಿದೆಯೋ ಅದು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ನೆರವಾಗುವ ಮಾತಷ್ಟೇ ಸುಸಂಗತ. ಮಿಕ್ಕದ್ದು ಎಷ್ಟೇ ಖರೆಯಾಗಿರಲಿ, ಎಷ್ಟೇ ಚಂದವಾಗಿರಲಿ, ಬೇಡ. “ಮನ್ಯಾಗ ನಾವು ಮಾತಾಡೋದು ಬ್ಯಾರೆ, ಇದು ಬ್ಯಾರೆ,” ಎಂದರು. ನಾನು ತಲೆದೂಗಿದೆ. ಇಷ್ಟು ವರ್ಷ ನಾನು ಹುಡುಗರಿಗೆ ಹೇಳಿದ್ದೂ ಇದನ್ನೇ ಅಲ್ಲವೇ. ಸುಸಂಗತ! ಎಂಥ ಪದ. ಮನೆಗೆ ಬರುವಾಗ ಆಟೋದವನಿಗೂ ಅದರ ವ್ಯುತ್ಪತ್ತಿ ವಿವರಿಸಿದೆ. ಅವನು ನನ್ನನ್ನು ಒಂದು ಓಣಿ ಮೊದಲೇ ಇಳಿಸಿ ಹೋದ.

ಸಾಕ್ಷಿ ಪಕ್ಕಾ ಇರಲಿ ಎಂದು ಮರುದಿನ ನಾನೊಬ್ಬನೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ದಾರಿಯನ್ನು ಇನ್ನೊಮ್ಮೆ ಕಣ್ಣಾರೆ ನೋಡಿಬರುವುದು ನನ್ನ ಉದ್ದೇಶ. ತಂತಿಬೇಲಿಯ ಬಳಿ ನಿಂತು ಇತ್ತಿಂದತ್ತ ನೋಡುತ್ತಿದ್ದಾಗ ನನ್ನ ಪಂಚೆ ತಂತಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ತಿರುಗಿದೆ, ಹಿಂದಿನ ಭಾಗವೂ ಸಿಕ್ಕಿಕೊಂಡಿತು. ಆ ಅವಸ್ಥೆಯಲ್ಲಿ ನನ್ನನ್ನು ಬಿಡಿಸಿದವರು ಬೇರೆ ಯಾರೂ ಅಲ್ಲ, ಬೇಲಿ ಹಾಕಿದ ಹಣಮಂತರಾಯರೇ.

“ಬರ್ರಿ ಮಾಸ್ತರ್ರೇ, ಬಿಸಲಾಗ ಬಂದೀರಿ, ಚಹಾ ಕುಡದ್ ಹೋಗ್ರಿ,” ಎಂದರು.

ಎದುರು ಪಕ್ಷದವರ ಮನೆಯಲ್ಲಿ ಚಹಾ ಕುಡಿಯಬಹುದೇ ಎಂದು ಒಂದು ಗಳಿಗೆ ಯೋಚಿಸಿದೆ. ಪಂಚೆ ಬಿಡಿಸಿದವರಿಗೆ ಇಲ್ಲವೆನ್ನುವುದು ಹೇಗೆ? ಹೋದೆ. ಚಹಾ ಬಂತು, ಜೊತೆಗೆ ಅವಲಕ್ಕಿ ಚೂಡಾ ಬಂತು. ಮಾತಿನ ನಡುವೆ ಅವರು ನಿಟ್ಟುಸಿರು ಬಿಟ್ಟು ಹೇಳಿದರು:

“ನೋಡ್ರಿ, ನಿಮ್ಮ ಸಿದ್ರಾಮ ಟ್ರ್ಯಾಕ್ಟರ್ ತಗೊಂಡು ನನ್ನ ತೊಗರಿ ಮ್ಯಾಲ ಹಾದುಹೋದ. ಹೋಗ್ಲಿ, ಅದೂ ಇರ್ಲಿ. ಬಂದು ಒಂದ್ ಮಾತು, ಅಣ್ಣಾ ಹಿಂಗಾತು, ದಾರಿ ಬಿಡು ಅಂತ ಕೇಳಿದ್ರ ನಾ ಈ ಬೇಲಿ ಹಾಕ್ತಿದ್ದಿಲ್ಲ. ಈಗರ ಬಂದು ಕೇಳ್ಲಿ, ಕಿತ್ತು ಒಗೀತೀನಿ.”

ನಾನು ಹೂಂಗುಟ್ಟಿದೆ. ಅವರೇ ನನ್ನನ್ನು ಮೋಟಾರ್ ಸೈಕಲ್ಲಿನ ಮೇಲೆ ಬಸ್ ನಿಲ್ದಾಣಕ್ಕೆ ಬಿಟ್ಟರು. ಮನೆಗೆ ಬಂದು ಕಸ್ತೂರಿಗೆ ಬಸ್ಸಿನಲ್ಲಿ ಸೀಟು ಸಿಕ್ಕದ್ದು, ಪಂಚೆ ಹರಿದದ್ದು, ಚೂಡಾದಲ್ಲಿ ಶೇಂಗಾ ಹೆಚ್ಚಿದ್ದದ್ದು, ಎಲ್ಲವನ್ನೂ ವಿವರವಾಗಿ ಹೇಳಿದೆ. ಟ್ರ್ಯಾಕ್ಟರಿನ ಮಾತು ಮಾತ್ರ ಹೇಳಲಿಲ್ಲ. ದಾರಿ ಮೊದಲಿನಿಂದ ಇತ್ತೋ ಇಲ್ಲವೋ ಎಂಬುದು ಪ್ರಶ್ನೆ. ಹಣಮಂತರಾಯರ ಮನಸ್ಸಿಗೆ ನೋವಾದದ್ದು ಪ್ರಶ್ನೆಯಲ್ಲ. ಆದ್ದರಿಂದ ಅದು ಸುಸಂಗತವಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಸಾಕ್ಷಿಯ ದಿನ ಬಂತು. ನಾನು ನಿವೃತ್ತಿಯ ದಿನ ಹಾಕಿಕೊಂಡಿದ್ದ ಬಿಳಿ ಅಂಗಿಯನ್ನೇ ಹಾಕಿಕೊಂಡೆ. ನನ್ನ ಹೇಳಿಕೆಯನ್ನು ಶಹನಾಜ್ ಮೇಡಂ ಮೊದಲೇ ಪ್ರಮಾಣಪತ್ರವಾಗಿ ಬರೆಸಿ ಸಹಿ ಹಾಕಿಸಿದ್ದರು. ಇಂಥವನಾದ ನಾನು, ಇಂಥ ದಾರಿಯಲ್ಲಿ, ಇಂಥವರು ಹೊಲದ ಯಜಮಾನರ ತಕರಾರಿಲ್ಲದೆ ಬಹುಕಾಲ ಓಡಾಡಿದ್ದನ್ನು ಕಂಡಿದ್ದೇನೆ, ಇಷ್ಟೇ. ಬಹಳ ಒಣಕಲು ಬರಹ. ಒಂದು ಉಪಮೆ ಸಹ ಇರಲಿಲ್ಲ.

ಹಣಮಂತರಾಯರು ಆಚೆ ಬೆಂಚಿನಲ್ಲಿ ಕುಳಿತಿದ್ದರು. ಪಾಟೀ ಸವಾಲು ಮಾಡಲು ಅವರ ವಕೀಲರು ಎದ್ದರು. ದೇಶಮುಖ ಎಂದು ಅವರ ಹೆಸರು. ದಪ್ಪ ಕನ್ನಡಕದ ಹಿರಿಯರು.

“ಪ್ರತಿವಾದಿ ಹಣಮಂತರಾಯರ ಪರಿಚಯ ಅದ ಏನ್ರಿ ನಿಮಗ?”

“ಅದರೀ. ಮೊನ್ನೆ ಅವರ ಮನ್ಯಾಗ ಚಹಾ ಕುಡದ್ನಿ.”

ಸಿದ್ರಾಮ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತ. ಶಹನಾಜ್ ಮೇಡಂ ಪೆನ್ನಿನಿಂದ ಮೇಜು ಕುಟ್ಟುವುದನ್ನು ನಿಲ್ಲಿಸಿದರು.

“ವಾದಿಗೂ ನಿಮಗೂ ಏನು ಸಂಬಂಧ?”

“ಖಾಸಾ ಸಂಬಂಧ್ರಿ. ನನ್ನ ಹೆಂಡತಿ ತಮ್ಮ. ಅವರದು ಎಂಥ ಮನೆತನ ಅಂದ್ರ...”

“ಮನೆತನ ಬಿಡ್ರಿ. ಅದು ಅಪ್ರಸ್ತುತ,” ಎಂದರು ದೇಶಮುಖರು.

ನನ್ನ ಜೀವನದಲ್ಲಿ ಆ ಪದವನ್ನು ಯಾರಾದರೂ ನನ್ನತ್ತ ತಿರುಗಿಸಿದ್ದು ಅದೇ ಮೊದಲು. ಮುಂದಿನ ಪ್ರಶ್ನೆಗೆ ಆ ಹೊಲದ ಕರಿಮಣ್ಣಿನ ಗುಣ ಹೇಳಲು ಹೊರಟೆ. ಅಪ್ರಸ್ತುತ. ನಮ್ಮ ಮಾವನವರ ಎತ್ತುಗಳ ಹೆಸರು ಹೇಳಿದೆ. ಅಪ್ರಸ್ತುತ. ನ್ಯಾಯಾಧೀಶರು ಮೇಲಿನಿಂದ ಬಾಗಿ ಶಾಂತವಾಗಿ ಹೇಳಿದರು: “ಮೇಷ್ಟ್ರೇ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಇದು ತರಗತಿಯಲ್ಲ.” ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ತರಗತಿಯಾಗಿದ್ದರೆ ಅವನನ್ನು ಹೊರಗೆ ನಿಲ್ಲಿಸುತ್ತಿದ್ದೆ.

ಅಷ್ಟರಲ್ಲಿ ದೇಶಮುಖರು ಹೊಸ ಮಾತು ತೆಗೆದರು.

“ಪ್ರತಿವಾದಿಯ ತಂದಿ ಭೀಮರಾಯರು ಈ ದಾರಿಗೆ ಯಾವತ್ತೂ ತಕರಾರು ಮಾಡಿರಲಿಲ್ಲ ಅಂತ ಪ್ರಮಾಣಪತ್ರದಾಗ ಹೇಳೀರಿ. ಯಾಕ ಮಾಡಲಿಲ್ಲ, ನಿಮಗ್ಹೆಂಗ ಗೊತ್ತು?”

ಇಂಥ ಒಳ್ಳೆಯ ಪ್ರಶ್ನೆಯನ್ನು ಆ ದಿನ ಯಾರೂ ಕೇಳಿರಲಿಲ್ಲ. ನಮ್ಮ ಮಾವನವರ ದೊಡ್ಡಗುಣವನ್ನು ಲೋಕಕ್ಕೆ ತಿಳಿಸಲು ಇದೇ ಸಮಯ ಎನಿಸಿತು.

“ಹೇಳ್ತೀನ್ರಿ. ಎಳ್ಳಮಾವಾಸ್ಯೆ ದಿನ ಭೀಮರಾಯರೂ ನಮ್ಮ ಮಾವನವರೂ ಒಂದೇ ಗಿಡದ ಕೆಳಗ ಊಟಕ್ಕ ಕುಂದರತಿದ್ರು. ನಾನೂ ಕುಂದರತಿದ್ದೆ. ಸಿದ್ರಾಮ ಸಣ್ಣಾವ, ಆ ಹೊತ್ತಿಗೆ ಗೆಳ್ಯಾರ ಹೊಲಕ್ಕ ಓಡಿ ಹೋಗಿರ್ತಿದ್ದ. ಭಜ್ಜಿ ಬಡಿಸಿದ ಮ್ಯಾಲ...”

ಅಪ್ರಸ್ತುತ ಎಂಬ ಮಾತಿಗಾಗಿ ನಾನು ತಡೆದು ನಿಂತೆ. ಬರಲಿಲ್ಲ. ದೇಶಮುಖರು ಕನ್ನಡಕ ಸರಿಮಾಡಿಕೊಂಡು, “ಹೇಳ್ರಿ ಮಾಸ್ತರ್ರೇ, ಸಾವಕಾಶ ಹೇಳ್ರಿ,” ಎಂದರು.

ನನಗೆ ಹಿಗ್ಗಾಯಿತು. ಕೊನೆಗೂ ಒಬ್ಬ ರಸಿಕ ಸಿಕ್ಕಿದ್ದ.

“ಭಜ್ಜಿ ಬಡಿಸಿದ ಮ್ಯಾಲ ನಮ್ಮ ಮಾವನವರು ಕೈ ಮುಗದು ಕೇಳ್ತಿದ್ರು. ‘ಭೀಮರಾಯಾ, ಈ ವರ್ಷಾನೂ ನಿನ್ನ ಹೊಲದಾಗಿಂದ ಹೋಗ್ತೀವಪ್ಪಾ, ನಿನ್ನ ಅಪ್ಪಣಿ ಇರ್ಲಿ’ ಅಂತ. ಅವರು ‘ಹೋಗಪಾ, ಯಾರು ಬ್ಯಾಡ ಅಂತಾರ’ ಅಂತಿದ್ರು. ಒಂದು ವರ್ಷಾನೂ ಕೇಳದೇ ಬಿಟ್ಟವರಲ್ರೀ. ಅಂಥ ಸಜ್ಜನರು.”

ಶಹನಾಜ್ ಮೇಡಂ ಎದ್ದು ನಿಂತಿದ್ದರು. “ಸ್ವಾಮಿ, ಊಟದ ಮಾತು ಕೇಸಿಗೆ ಅಪ್ರಸ್ತುತ.”

ನಾನು ತಿರುಗಿ, “ಇಲ್ಲ ಮೇಡಂ, ನಾ ದಾರಿ ಸಂಬಂಧನೇ ಹೇಳ್ಲಾಕತ್ತೀನಿ,” ಎಂದು ಅವರನ್ನು ಸಮಾಧಾನ ಮಾಡಿದೆ.

“ಸಾಕ್ಷಿ ಹೇಳುತ್ತಿರುವುದು ಸರಿ. ಇದು ಸುಸಂಗತ,” ಎಂದರು ನ್ಯಾಯಾಧೀಶರು. ಬೆರಳಚ್ಚುಗಾರರ ಕಡೆ ತಿರುಗಿ ಹೇಳಿ ಬರೆಸಿದರು: “ವಾದಿಯ ತಂದೆಯು ಪ್ರತಿ ವರ್ಷ ಪ್ರತಿವಾದಿಯ ತಂದೆಯ ಅನುಮತಿ ಪಡೆದು ಸದರಿ ದಾರಿಯನ್ನು ಬಳಸುತ್ತಿದ್ದರು ಎಂದರೆ ನಿಜ.”

ನಾನು ಅಷ್ಟು ಹೊತ್ತು ಆಡಿದ ಮಾತಿನಲ್ಲಿ ಬರಹಕ್ಕೆ ಇಳಿದ ಗಟ್ಟಿ ಮಾತು ಅದೊಂದೇ. ನಾನು ಹೆಮ್ಮೆಯಿಂದ ಸಿದ್ರಾಮನನ್ನು ನೋಡಿದೆ. ಅವನು ತಲೆಯ ಮೇಲೆ ಕೈ ಹೊತ್ತಿದ್ದ. ದೇಶಮುಖರು, “ಬ್ಯಾರೆ ಏನೂ ಕೇಳೋದಿಲ್ಲ ಸ್ವಾಮಿ,” ಎಂದು ಕುಳಿತೇಬಿಟ್ಟರು.

ಹೊರಗೆ ಬೇವಿನ ಗಿಡದ ಕೆಳಗೆ ಶಹನಾಜ್ ಮೇಡಂ ನನಗೆ ಕಾನೂನಿನ ಉಳಿದ ಭಾಗ ತಿಳಿಸಿದರು.

“ಮಾಸ್ತರ್ರೇ, ಬ್ಯಾರೆಯವರ ಹೊಲದಾಗ ಯಾರನ್ನೂ ಕೇಳದೇ, ನಂದೇ ದಾರಿ ಅಂತ ವರ್ಷಾನುಗಟ್ಟಲೆ ಅಡ್ಡಾಡಿದ್ರ ಅದು ಹಕ್ಕಾಗ್ತದ. ಕೇಳಿ, ಅಪ್ಪಣಿ ತಗೊಂಡು ಅಡ್ಡಾಡಿದ್ರ ಅದು ಅವರು ಮಾಡಿದ ಉಪಕಾರ. ಉಪಕಾರ ಯಾವಾಗ ಬೇಕಾದ್ರೂ ನಿಲ್ಲಿಸಬಹುದು.”

“ಅಂದ್ರ ನಮ್ಮ ಮಾವನವರು ಸಜ್ಜನರಾಗಿದ್ದೇ ತಪ್ಪಾ?”

“ಅವರು ಸಜ್ಜನರಾಗಿದ್ದು ತಪ್ಪಲ್ರೀ. ನೀವು ಹೇಳಿದ್ದು ಖರೇನೇ, ನಾ ಸುಳ್ಳು ಹೇಳ್ರಿ ಅಂತಿದ್ದಿಲ್ಲ. ಆದ್ರ ನನಗ ಮೊದಲೇ ಗೊತ್ತಿದ್ರ ಕೇಸು ಬ್ಯಾರೆ ರೀತಿ ಹಾಕ್ತಿದ್ದೆ.” ಅವರು ಫೈಲು ಕಟ್ಟಿಕೊಂಡು, “ಭಜ್ಜಿ ಬಿಡ್ರಿ ಅಂದವಳು ನಾನೇ. ಇನ್ನ ಮುಂದ ಯಾವ ಸಾಕ್ಷಿಗೂ ಊಟ ಬಿಡ್ರಿ ಅನ್ನಂಗಿಲ್ಲ,” ಎಂದರು.

ದೇಶಮುಖರು ನಮ್ಮ ಪಕ್ಕದಲ್ಲೇ ಹಾದುಹೋದರು. ನನ್ನ ಕೈ ಕುಲುಕಿ, “ಮಾಸ್ತರ್ರೇ, ನಿಮ್ಮ ಬಳಗದಾಗ ಇನ್ನೊಂದು ಕೇಸು ಇದ್ರ ಹೇಳ್ರಿ. ನೀವು ಸಾಕ್ಷಿಗೆ ನಿಲ್ರಿ, ಎದುರಿನವರ ವಕಾಲತ್ತು ನಾ ತಗೋತೀನಿ,” ಎಂದರು.

ಸಿದ್ರಾಮ ನನ್ನ ಜೊತೆ ಮಾತಾಡದೆ ಕಮಲಾಪುರದ ಬಸ್ಸು ಹತ್ತಿದ. ಮನೆಯಲ್ಲಿ ಕಸ್ತೂರಿಗೆ ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಕಿಟಕಿಯ ಬಳಿ ಕುಳಿತು, “ಅಪ್ಪ ಬಾಳಿ ಗಿಡಾ ನೆಟ್ಟಾಗ ನಾನೇ ನೀರು ಹಾಕೀನಿ,” ಎಂದಳು. ಕಣ್ಣು ಒರೆಸಿಕೊಂಡಳು. ಏನಾದರೂ ಹೇಳಿ ಅವಳನ್ನು ಸಮಾಧಾನ ಮಾಡಬೇಕೆಂದು ನನಗೆ ಅನಿಸಿತು. ಬಾಯಿಗೆ ಬಂದದ್ದನ್ನು ಹೇಳಿದೆ.

“ಹಣಮಂತರಾಯರು ಕೆಟ್ಟವರಲ್ಲ ಬಿಡು. ಸಿದ್ರಾಮ ಬಂದು ಒಂದ್ ಮಾತು ಕೇಳಿದ್ರ ಬೇಲಿ ಕಿತ್ತು ಒಗೀತೀನಿ ಅಂತ ಚಹಾ ಕುಡಿಯೋವಾಗ ಹೇಳಿದ್ರು.”

ಕಸ್ತೂರಿ ನಿಧಾನವಾಗಿ ನನ್ನ ಕಡೆ ತಿರುಗಿದಳು. “ಯಾವಾಗ ಹೇಳಿದ್ರು?”

“ಪಂಚೆ ಹರದಿತ್ತಲ್ಲ, ಅವತ್ತ.”

“ಚೂಡಾದಾಗ ಶೇಂಗಾ ಎಷ್ಟಿದ್ದವು ಅಂತ ಹೇಳಿದ್ರಿ. ಇದನ್ಯಾಕ ಹೇಳಲಿಲ್ಲ?”

“ಅದು... ಸುಸಂಗತ ಅಲ್ಲ ಅನಸ್ತು.”

ಅವಳು ಎದ್ದು ಸೀರೆ ಬದಲಿಸಿಕೊಂಡು ಬಂದಳು. “ಕಮಲಾಪುರಕ್ಕ ನಡೀರಿ. ಅಲ್ಲಿ ನೀವು ಬಾಯಿ ತೆರೀಬ್ಯಾಡ್ರಿ,” ಎಂದಳು.

ಸಿದ್ರಾಮನನ್ನು ಹೊರಡಿಸುವುದು ಸುಲಭವಾಗಲಿಲ್ಲ. “ನನ್ನ ದಾರಿಗೆ ನಾ ಯಾಕ ಕೇಳ್ಲಿ ಅಕ್ಕಾ?” ಎಂದು ಕಂಬ ಹಿಡಿದು ನಿಂತ. “ಅಪ್ಪ ಕೇಳ್ತಿದ್ದ. ಅಪ್ಪಗಿಂತ ದೊಡ್ಡಾವ ಆಗೀಯೇನು?” ಎಂದಳು ಕಸ್ತೂರಿ. ಅವನು ಕಂಬ ಬಿಟ್ಟ.

ಹಣಮಂತರಾಯರ ಕಟ್ಟೆಯ ಮೇಲೆ ಎಲ್ಲರೂ ಕುಳಿತೆವು. ಕಸ್ತೂರಿಯೇ ಮಾತು ತೆಗೆದಳು. “ಹಣಮಂತಣ್ಣಾ, ಅಪ್ಪ ವರ್ಷಾ ವರ್ಷಾ ನಿಮ್ಮಪ್ಪನ್ನ ಕೇಳ್ತಿದ್ದಂತ. ಅವರಿಬ್ರೂ ಹೋಗ್ಯಾರ. ಅಪ್ಪನ ಬದಲಿ ನಾ ಕೇಳ್ಲಾಕ ಬಂದೀನಿ. ದಾರಿ ಬಿಡಪಾ.”

ಹಣಮಂತರಾಯರು ನೆಲ ನೋಡಿದರು. “ಕೋರ್ಟಿನ್ಯಾಗ ಮಾಸ್ತರ್ ಹೇಳೋತನಕ ನನಗೂ ಗೊತ್ತಿದ್ದಿಲ್ಲ, ತಂಗಿ. ನಮ್ಮಪ್ಪನ ಮಾತು ಹಂಗೇ ಕೇಳಿದಂಗಾತು.”

ಸಿದ್ರಾಮ ಕೆಮ್ಮಿದ. “ಅಣ್ಣಾ, ತೊಗರಿ ಮ್ಯಾಲ ಟ್ರ್ಯಾಕ್ಟರ್ ಹಾದದ್ದು ಖರೇ. ಅವತ್ತ ಬರಬೇಕಿತ್ತು. ತಪ್ಪಾತು.”

“ಇಷ್ಟೇ ನೋಡಪಾ ನಾ ಕೇಳಿದ್ದು,” ಎಂದರು ಹಣಮಂತರಾಯರು. ಅಂದೇ ಸಂಜೆ ಬೇಲಿಯ ತಂತಿ ಸುತ್ತಿ ಮೂಲೆಗೆ ಇಟ್ಟರು. ಕಸ್ತೂರಿ ಹೇಳಿದಂತೆ ನಾನು ಬಾಯಿ ತೆರೆಯಲಿಲ್ಲ. ಚಹಾ ಕುಡಿಯಲು ಮಾತ್ರ ತೆರೆದೆ.

ಇನ್ನು ಮುಂದೆ ಯಾರ ಮಕ್ಕಳೂ ಹೊಡೆದಾಡಬಾರದೆಂದು, ಈ ದಾರಿ ಸಿದ್ರಾಮನ ತೋಟಕ್ಕೆ ಎಂದೆಂದಿಗೂ ಇರುತ್ತದೆ ಎಂದು ಕೋರ್ಟಿನಲ್ಲಿ ರಾಜಿ ಬರೆಸುವುದೆಂದು ತೀರ್ಮಾನವಾಯಿತು. ರಾಜಿಯ ದಿನ ನಾನೂ ಬಿಳಿ ಅಂಗಿ ಹಾಕಿಕೊಂಡು ಹೋದೆ. ಒಳಗೊಳಗೇ ನನಗೊಂದು ಸಮಾಧಾನವಿತ್ತು: ನಾನು ಆ ಸಾಕ್ಷಿ ಹೇಳದಿದ್ದರೆ ಈ ರಾಜಿ ಎಲ್ಲಿ ಆಗುತ್ತಿತ್ತು? ನ್ಯಾಯಾಧೀಶರು ಒಂದು ಮಾತು ಮೆಚ್ಚುಗೆ ಹೇಳಬಹುದು ಎಂಬ ಆಸೆಯೂ ಇತ್ತು. ಅದಕ್ಕೆ ತಕ್ಕ ಉತ್ತರವನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ.

“ಮೇಡಂ, ಅವತ್ತು ನಾ ಹೇಳಿದ ಸಾಕ್ಷಿ ಈಗ ಏನಾಗ್ತದ್ರಿ?” ಎಂದು ಶಹನಾಜ್ ಮೇಡಂ ಅವರನ್ನು ಕೇಳಿದೆ.

“ಏನೂ ಆಗಂಗಿಲ್ರಿ. ಫೈಲಿನ್ಯಾಗ ಇರ್ತದ. ರಾಜಿ ಆದ ಮ್ಯಾಲ ಅದರ ಜರೂರತ್ತಿಲ್ಲ.”

ನನ್ನ ಬಾಯಿಂದ ಬಂದ ಏಕೈಕ ಸುಸಂಗತ ವಾಕ್ಯಕ್ಕೆ ಅಷ್ಟೇ ಆಯುಷ್ಯ.

ಅಷ್ಟರಲ್ಲಿ ನಮ್ಮ ಕೇಸಿನ ನಂಬರು ಕೂಗಿದರು. ಸಿದ್ರಾಮ ಎದ್ದ, ಹಣಮಂತರಾಯರು ಎದ್ದರು, ಇಬ್ಬರು ವಕೀಲರೂ ಮುಂದೆ ಹೋದರು. ನಾನೂ ಅಂಗಿಯ ಕಾಲರು ಸರಿಮಾಡಿಕೊಂಡು ಎದ್ದು ಅವರ ಹಿಂದೆ ಹೊರಟೆ. ಬಾಗಿಲಲ್ಲಿದ್ದ ಜವಾನ ಕೈ ಅಡ್ಡ ಮಾಡಿದ.

“ಸಂಬಂಧಪಟ್ಟವರಷ್ಟೇ ಮುಂದ ಹೋಗ್ರಿ. ನೀವು ಕುಂದರ್ರಿ.”

ನಾನು ಕುಳಿತೆ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳೋಣವೆಂದು ಪಕ್ಕದಲ್ಲಿದ್ದ ಹಿರಿಯರ ಕಡೆ ತಿರುಗಿ, “ನೋಡ್ರಿ, ನಮ್ಮತ್ತೀ ಕೈ ಭಜ್ಜಿ ಅಂದ್ರ...” ಎಂದು ಶುರುಮಾಡಿದೆ. ಅವರು ತಮ್ಮ ಚೀಲ ತೆಗೆದುಕೊಂಡು ಹಿಂದಿನ ಬೆಂಚಿಗೆ ಹೋದರು.